ನಕ್ಷೆ ಓದುವವರು ಎಲ್ಲಿ ತಂಗಬೇಕು?

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಕೂತಿದ್ದೆವು. ಎದುರಿಗಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಹಡಗಲಿ ತಾಲ್ಲೂಕಿನ ಒಂದು ತಾಂಡಾದವಳು. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮುಂದೇನು ಎಂಬ ಪ್ರಶ್ನೆಯನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು. ಕೈ ಒರೆಸಿಕೊಂಡು ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಯಾರೋ ಗೆಳತಿ ಕಳಿಸಿದ ಪ್ರಕಟಣೆ ಅದು. ನಕ್ಷೆ ತಯಾರಿಕೆಯ ಇತಿಹಾಸದಲ್ಲಿ ಸಂಶೋಧನೆ ಮಾಡುವವರಿಗೆ ವಿದೇಶದಲ್ಲಿ ಒಂದು ಫೆಲೋಶಿಪ್. ದೊಡ್ಡ ಗ್ರಂಥಾಲಯವಿರುವ ಊರಿನಲ್ಲಿ ಹೋಗಿ ತಂಗಬೇಕು, ಅಲ್ಲಿಯ ಹಳೆಯ ನಕ್ಷೆಗಳನ್ನು ನೋಡುತ್ತ ಬರೆಯಬೇಕು, ಇರುವ ಖರ್ಚು ಅವರದು. ಒಂದು ಷರತ್ತು ಮಾತ್ರ ಸ್ಪಷ್ಟವಾಗಿತ್ತು: ಅಲ್ಲಿಯೇ ವಾಸವಿರಬೇಕು.

"ಅಲ್ಲಿಗೆ ಹೋದ್ರ ನಮ್ಮ ತಾಂಡಾ ಇರೋ ನಕ್ಷೆ ಸಿಗತೈತೇನ್ರಿ ಸರ್?" ಎಂದು ಕೇಳಿದಳು.

"ನಿಮ್ಮ ಸೀಮೆಯ ನಕ್ಷೆ ಸಿಗಬಹುದು. ತಾಂಡಾ ಅದರಲ್ಲಿ ಇರಲಿಕ್ಕಿಲ್ಲ" ಅಂದೆ.

"ಹಂಗಾದ್ರ ಇಲ್ಲದ್ದನ್ನ ನೋಡಾಕ ಅಷ್ಟು ದೂರ ಹೋಗಿ ಇರಬೇಕೇನ್ರಿ?"

ನಗುತ್ತಲೇ ಕೇಳಿದ ಮಾತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಊರಿನ ಬಗೆಗಿನ ತಿಳಿವಳಿಕೆ ಎಲ್ಲಿ ವಾಸವಾಗಿರುತ್ತದೆ? ಅದನ್ನು ಬರೆದ ಕಾಗದದಲ್ಲಿಯೋ, ಕೇಳಿದವರಿಗೆ ಹೇಳಿಕೊಟ್ಟ ಬಾಯಲ್ಲಿಯೋ, ಆ ನೆಲದಲ್ಲಿಯೋ? ಮೂರೂ ಒಂದೇ ಕಡೆ ಇದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಸೀಮೆಯ ವಿಷಯದಲ್ಲಿ ಅವು ಮೂರು ದಿಕ್ಕಿಗೆ ಹೋಗಿವೆ.

ಇಂಥ ಫೆಲೋಶಿಪ್‌ಗಳು ಹೊಸದಲ್ಲ. ಜೆ.ಬಿ. ಹಾರ್ಲೆ ಎಂಬ ಇಂಗ್ಲಿಷ್ ಭೂಗೋಳಶಾಸ್ತ್ರಜ್ಞ ಇದ್ದ. 1991ರಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ನಕ್ಷೆಗಳ ಇತಿಹಾಸಕ್ಕೆಂದೇ ಒಂದು ಫೆಲೋಶಿಪ್ ನಡೆದುಬಂದಿದೆ. ಬೇರೆ ದೇಶಗಳ ಸಂಶೋಧಕರು ಅದರ ಬಲದಿಂದ ಲಂಡನ್ನಿನಂಥ ಕಡೆಗಳಿಗೆ ಹೋಗಿ ಕೆಲವು ವಾರವಿದ್ದು ಅಲ್ಲಿನ ಸಂಗ್ರಹಗಳನ್ನು ನೋಡುತ್ತಾರೆ. ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿಯೂ ಇದೇ ವಿಷಯಕ್ಕೆ ಮೀಸಲಾದ ಕೇಂದ್ರವಿದೆ. ಹಾರ್ಲೆ ಹೇಳಿದ್ದರಲ್ಲಿ ನನಗೆ ಮುಖ್ಯವೆನಿಸಿದ್ದು ಇದು: ನಕ್ಷೆಯಲ್ಲಿ ಬರೆದದ್ದನ್ನಷ್ಟೇ ಓದಿದರೆ ಸಾಲದು, ಬರೆಯದೆ ಬಿಟ್ಟದ್ದನ್ನೂ ಓದಬೇಕು, ಬಿಟ್ಟ ಜಾಗಕ್ಕೂ ಒಂದು ರಾಜಕೀಯವಿರುತ್ತದೆ. ಹಾಗೆಂದವನ ನೆನಪಿನ ಫೆಲೋಶಿಪ್ ಕೂಡ ನಮ್ಮನ್ನು ಕರೆಯುವುದು ಕಾಗದವಿರುವ ಊರಿಗೇ ಎಂಬುದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಕಾಗದ ಇರುವುದೇ ಅಲ್ಲಿ, ಪಾಪ, ಅವರಾದರೂ ಏನು ಮಾಡಿಯಾರು. ಆದರೆ ಆ ಕಾಗದ ಅಲ್ಲಿಗೆ ಹೋದದ್ದು ಹೇಗೆ?

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹರಪನಹಳ್ಳಿಯಲ್ಲಿ, ಗುಡೇಕೋಟೆಯಲ್ಲಿ, ಜರಿಮಲೆಯಲ್ಲಿ ಪಾಳೆಯಗಾರರಿದ್ದ ಸೀಮೆ ಇದು. ಕಂಪನಿಯ ಪರವಾಗಿ ಆಡಳಿತಕ್ಕೆ ಬಂದವನು ಥಾಮಸ್ ಮನ್ರೋ. ಅವನು ಬಹುಪಾಲು ಡೇರೆಗಳಲ್ಲಿಯೇ ಕಾಲ ಕಳೆಯುತ್ತ, ಹೊಲಹೊಲ ಅಳೆಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಗೆ ಅಡಿಪಾಯ ಹಾಕಿದ. ನಾವು ಇವತ್ತಿಗೂ ಅಣ್ಣತಮ್ಮಂದಿರ ಜಗಳದಲ್ಲಿ ಬಳಸುವ 'ಗುಂಟೆ' ಇಂಥ ಅಳತೆಯದೇ ಲೆಕ್ಕ: 33 ಅಡಿ ಉದ್ದ, 33 ಅಡಿ ಅಗಲ, ಅಂಥ 40 ಸೇರಿದರೆ ಒಂದು ಎಕರೆ. ಸರಪಳಿ ಹಿಡಿದವರು ಹೋಗಿ ಎಷ್ಟೋ ಕಾಲವಾಯಿತು, ಸರಪಳಿಯ ಲೆಕ್ಕ ನಮ್ಮ ಬಾಯಲ್ಲಿ ಉಳಿದಿದೆ.

ಮನ್ರೋಗೆ ಬೇಕಾದದ್ದು ಕಂದಾಯ. ಕಾಲಿನ್ ಮೆಕೆಂಜಿಯ ಹಸಿವು ಬೇರೆ ತರಹದ್ದು. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಹುಟ್ಟಿ, ಕಂಪನಿಯ ಸೈನ್ಯದಲ್ಲಿ ಎಂಜಿನಿಯರಾಗಿ ಬಂದವನು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ, ಆಮೇಲೆ ನಿಜಾಮ ಬಿಟ್ಟುಕೊಟ್ಟ ಈ ಜಿಲ್ಲೆಗಳ ಸರ್ವೆಯನ್ನೂ ನಡೆಸಿದ. 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ನಕ್ಷೆ ಮಾಡಲು ಹೋದವನು ನಕ್ಷೆಯಲ್ಲಿ ಹಿಡಿಯದ್ದನ್ನೂ ಕೂಡಿಹಾಕಿದ: ಶಾಸನಗಳ ಪ್ರತಿ, ನಾಣ್ಯ, ಚಿತ್ರ, ತಾಳೆಗರಿ, ಊರೂರಿನ ಶಾನುಭೋಗರು ಮತ್ತು ಹಿರಿಯರು ಹೇಳಿ ಬರೆಸಿದ ಕೈಫಿಯತ್ತುಗಳು. ಅವನು ಸತ್ತ ಮೇಲೆ ಮಾಡಿದ ಪಟ್ಟಿಯಲ್ಲಿ ಶಾಸನಗಳೇ 8,076 ಇದ್ದವು.

ಇಷ್ಟೆಲ್ಲ ಮಾಡಿದವನಿಗೆ ಈ ನೆಲದ ಯಾವ ಭಾಷೆಯೂ ಬರುತ್ತಿರಲಿಲ್ಲ. ಇದನ್ನು ಅವನೇ ವಿಷಾದದಿಂದ ಒಪ್ಪಿಕೊಂಡಿದ್ದಾನೆ. ಅವನ ಕಿವಿ, ಬಾಯಿ ಎಲ್ಲವೂ ಕಾವಲಿ ವೆಂಕಟ ಬೋರಯ್ಯ, ಆತ 1803ರಲ್ಲಿ ಸಣ್ಣ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಮತ್ತು ಅವರೊಡನಿದ್ದ ಪಂಡಿತರು, ಗುಮಾಸ್ತರು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯ ತೈಲಚಿತ್ರವನ್ನು ನೀವು ನೋಡಿರಬಹುದು. ಕೆಂಪು ಸಮವಸ್ತ್ರದ ಮೆಕೆಂಜಿ ನಡುವೆ. ಅವನ ಸುತ್ತ ಮೂವರು ದೇಶೀಯರು. ಹಿಂದೆ ದೂರದ ಬೆಟ್ಟದ ಮೇಲೆ ಗೊಮ್ಮಟ. ತಾಳೆಗರಿ ಹಿಡಿದವನು ಜೈನ ಪಂಡಿತ ಧರ್ಮಯ್ಯ, ದೂರದರ್ಶಕ ಹಿಡಿದವನು ಕಿಷ್ಟ್ನಾಜಿ ಎಂದು ಗುರುತಿಸುತ್ತಾರೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಹೊಳೆಯುವುದು ಒಂದೇ: ಕಾಣಲು ಬೇಕಾದದ್ದೂ ಓದಲು ಬೇಕಾದದ್ದೂ ಇರುವುದು ಪಕ್ಕದವರ ಕೈಯಲ್ಲಿ.

1821ರಲ್ಲಿ ಮೆಕೆಂಜಿ ಸತ್ತ. ಸಂಗ್ರಹವನ್ನು ಕಂಪನಿ ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಮುಂದೆ ಅದು ಹಂಚಿಹೋಯಿತು. ನಕ್ಷೆಗಳು, ಚಿತ್ರಗಳು ಹೆಚ್ಚಾಗಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೈಫಿಯತ್ತುಗಳ ದೊಡ್ಡ ಭಾಗ ಮದ್ರಾಸಿನಲ್ಲಿ, ಈಗಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಉಳಿಯಿತು. ಅಂದರೆ ಗೆರೆ ಒಂದು ಕಡೆ, ಆ ಗೆರೆಗೆ ಅರ್ಥ ಕೊಟ್ಟ ಮಾತು ಇನ್ನೊಂದು ಕಡೆ, ಎರಡಕ್ಕೂ ಕಾರಣವಾದ ನೆಲ ಇಲ್ಲಿ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಅಚ್ಚು ಹಾಕಿತು. ಹೆಚ್ಚುಕಡಿಮೆ ಎರಡು ನೂರು ವರ್ಷದ ಮೇಲೆ ಮಾತಾದರೂ ಈ ಸೀಮೆಗೆ ಮರಳಿತು ಅಂದುಕೊಳ್ಳೋಣ.

ಈಗ ಲಕ್ಷ್ಮಯ್ಯನ ಕತೆ. ಧಣಿ ಸತ್ತ ಮೇಲೆ ಕೆಲಸ ನಿಲ್ಲಬಾರದು ಎಂದು ಅವನಿಗೆ ಅನ್ನಿಸಿತು. 1830ರ ದಶಕದಲ್ಲಿ, ಸಂಗ್ರಹವನ್ನು ತಾನು ಮುಂದುವರಿಸುತ್ತೇನೆ, ಬೆಂಬಲ ಕೊಡಿ ಎಂದು ಕೇಳಿಕೊಂಡ. ಈಗಿನ ಮಾತಿನಲ್ಲಿ ಹೇಳುವುದಾದರೆ ಫೆಲೋಶಿಪ್‌ಗೆ ಅರ್ಜಿ ಹಾಕಿದ. ವಿಷಯ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಹೋಯಿತು. ಅಲ್ಲಿ ಕಾರ್ಯದರ್ಶಿಯಾಗಿದ್ದವನು ಜೇಮ್ಸ್ ಪ್ರಿನ್ಸೆಪ್, ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿ ಹೆಸರಾದವನು. ಸಣ್ಣ ಮನುಷ್ಯನಲ್ಲ. ಆದರೂ ಅವನ ಅಭಿಪ್ರಾಯ, ಇಂಥ ಕೆಲಸಕ್ಕೆ ಲಕ್ಷ್ಮಯ್ಯನ ಯೋಗ್ಯತೆ ಸಾಲದು, ಅಷ್ಟೇಕೆ, ಯಾವ ದೇಶೀಯನ ಯೋಗ್ಯತೆಯೂ ಸಾಲದು ಎಂಬಂತಿತ್ತು. ಹಸ್ತಪ್ರತಿಗಳನ್ನು ಪರಿಶೀಲಿಸುವ ಕೆಲಸ ಮದ್ರಾಸಿನ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಿಗೆ ಬಂತು. ಊರೂರಿಗೆ ಜನ ಕಳಿಸಿ, ಪ್ರಶ್ನೆ ಕೇಳಿಸಿ, ಉತ್ತರ ಬರೆಸಿ ಆ ರಾಶಿಯನ್ನು ಕಟ್ಟಿದವನಿಗೆ ಅದನ್ನು ಮುಟ್ಟುವ ಅರ್ಹತೆ ಇಲ್ಲವಾಯಿತು.

ಇದನ್ನು ಬರೀ ಜನಾಂಗೀಯ ಅಹಂಕಾರ ಎಂದು ಬದಿಗಿಟ್ಟರೆ ಸುಲಭ. ಅದು ಅಹಂಕಾರ ಹೌದು. ಅದರಡಿಯಲ್ಲಿ ಇನ್ನೊಂದು ನಂಬಿಕೆಯೂ ಇದೆ, ಮತ್ತು ಅದು ಇನ್ನೂ ಸತ್ತಿಲ್ಲ: ಉತ್ತರ ಹೇಳುವವನು ಬೇರೆ, ಅರ್ಥ ಮಾಡುವವನು ಬೇರೆ. ಊರಿನವನ ಮಾತು ಕಚ್ಚಾ ಸರಕು. ಅದು ಜ್ಞಾನವಾಗುವುದು ಬೇರೊಂದು ಊರಿನ ಮೇಜಿನ ಮೇಲೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಮುಟ್ಟಿದ್ದು ಈ ನಂಬಿಕೆಯನ್ನು. ನನಗೆ ತೋಚುವ ಮಟ್ಟಿಗೆ, ನಕ್ಷೆ ಮಾಡುವವನು ತಾನು ಕೇಳಿದ ಪ್ರತಿ ಉತ್ತರಕ್ಕೂ ಸಾಲಗಾರ. "ಈ ಹಳ್ಳದ ಹೆಸರೇನು, ಆ ಗುಡ್ಡದಾಚೆ ಯಾವ ಊರು" ಎಂದು ಕೇಳಿ ಬರೆದುಕೊಂಡು ಹೋದವನು, ಬರೆದದ್ದನ್ನು ತಂದು, ಹೇಳಿದವನ ಮುಂದೆ ಹಾಸಿ, ತಪ್ಪಿದ್ದರೆ ತಿದ್ದು ಎನ್ನುವವರೆಗೆ ಆ ಸಾಲ ತೀರುವುದಿಲ್ಲ. ಮೆಕೆಂಜಿಯ ಜನ ನಮ್ಮ ಊರುಗಳಿಗೆ ಕೇಳಲು ಬಂದರು. ತೋರಿಸಲು ಯಾರೂ ಬರಲಿಲ್ಲ.

ಹಾಗಾದರೆ ಇಲ್ಲಿಯೇ ಇದ್ದುಬಿಟ್ಟರೆ ಆಯಿತಲ್ಲ? ಊರಿನವರಿಗೆ ಊರು ಗೊತ್ತಿದೆ, ಕಾಗದವೇಕೆ?

ಈ ವಾದಕ್ಕೆ ಬಲವಿದೆ. ಕಾಗದದ ನಕ್ಷೆ ಬರುವ ಮುಂಚೆ ಇಲ್ಲಿ ಜಾಗದ ಅರಿವು ಇರಲಿಲ್ಲವೇ? ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟದಲ್ಲಿ ಈ ಭಾಗಕ್ಕೆ 'ಸಾತಾಹನಿ ರಟ್ಟ' ಎಂಬ ಹೆಸರಿದೆ. ಮುಂದೆ ಶಾಸನಗಳಲ್ಲಿ ಇದು ಕೋಗಳಿ ಐನೂರು, ಅದರ ಮೇಲೆ ನೊಳಂಬವಾಡಿ ಮೂವತ್ತೆರಡು ಸಾವಿರ. ಐನೂರು ಎಂದರೆ ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಆ ಕಾಲದವರಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿದ್ದಿರಬೇಕು. ಇವತ್ತು ಕೋಗಳಿ ಒಂದು ಹಳ್ಳಿ, ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡುವಷ್ಟು. ದಾನಶಾಸನಗಳಲ್ಲಿ ಎಲ್ಲೆ ಹೇಳುವಾಗ ಬರುವ ಕೆರೆಕೋಡಿ, ಹುತ್ತ, ಹುಣಸೆಮರ, ನೆಟ್ಟಕಲ್ಲು ಇವೆಲ್ಲ ನಡೆದು ನೋಡಿದವರ ನಕ್ಷೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ರಾತ್ರಿಯಿಡೀ ನಡೆದು ಬರುವವರನ್ನು ಕೇಳಿ ನೋಡಿ. ಎಲ್ಲಿ ನೀರು ಕೊಡುತ್ತಾರೆ, ಎಲ್ಲಿ ಕಾಲು ನೋಯಲು ಶುರುವಾಗುತ್ತದೆ, ಎಲ್ಲಿಂದ ಗುಡಿಯ ದೀಪ ಕಾಣುತ್ತದೆ ಎಲ್ಲವನ್ನೂ ಹೇಳುತ್ತಾರೆ. ಮೈಲಾರದ ಕಾರ್ಣಿಕಕ್ಕೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರಿಗೆ ದಾರಿ ತೋರಿಸಲು ಸರ್ವೆ ಇಲಾಖೆ ಬೇಕಾಗಿರಲಿಲ್ಲ.

ಆದರೂ ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಅದಕ್ಕೆ ಕಾರಣ ಪುಸ್ತಕದಲ್ಲಿ ಸಿಕ್ಕಿದ್ದಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ಮೇಷ್ಟ್ರು ನಮ್ಮ ನಮ್ಮ ಊರಿನ ನಕ್ಷೆ ಬರೆದುಕೊಂಡು ಬರಲು ಹೇಳಿದರು. ಡ್ರಾಯಿಂಗ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಎರಡು ದಿನ ಕೂತು ಬರೆದೆ. ಅಗಸಿ, ಹನುಮಪ್ಪನ ಗುಡಿ, ಸೊಸೈಟಿ, ಶಾಲೆ, ಕೆರೆ, ಕೆರೆಯ ಏರಿಯ ಮೇಲಿನ ಎರಡು ಆಲದಮರ, ಗೌಡರ ಮನೆಯ ಮುಂದಿನ ಕಟ್ಟೆ, ನಮ್ಮ ಮನೆ, ನಮ್ಮ ಹಿತ್ತಲಿನ ಬೇವು ಸಹ. ಹತ್ತಕ್ಕೆ ಒಂಬತ್ತು ಅಂಕ ಬಂತು. ಉತ್ತರ ದಿಕ್ಕಿನ ಬಾಣ ಹಾಕಿಲ್ಲ ಎಂದು ಒಂದು ಅಂಕ ಕಳೆದಿದ್ದರು. ಆ ಹಾಳೆ ನಮ್ಮ ಅವ್ವನ ಟ್ರಂಕಿನಲ್ಲಿ ಎಷ್ಟೋ ವರ್ಷ ಇತ್ತು. ನಾನು ಮೇಷ್ಟ್ರಾದ ಮೇಲೆ ಒಂದು ದಿನ ಅದು ಕೈಗೆ ಸಿಕ್ಕಾಗ ಕಂಡದ್ದು, ಅದರಲ್ಲಿ ಕೇರಿ ಇರಲಿಲ್ಲ. ಊರಿನ ದಕ್ಷಿಣಕ್ಕೆ ನಲವತ್ತು ಐವತ್ತು ಮನೆಯ ಮಾದಿಗರ ಕೇರಿ. ಅಲ್ಲಿಂದ ಬರುತ್ತಿದ್ದ ಇಬ್ಬರು ಹುಡುಗರು ನನ್ನ ತರಗತಿಯಲ್ಲೇ ಇದ್ದರು. ಹಾಳೆಯ ಆ ಮೂಲೆಯಲ್ಲಿ ನಾನು ಹಸಿರು ಹುಲ್ಲು ಬರೆದಿದ್ದೆ. ಬೇಕೆಂದು ಬಿಟ್ಟದ್ದಲ್ಲ. ಅದು ನನಗೆ ಕಂಡೇ ಇರಲಿಲ್ಲ. ಮೇಷ್ಟ್ರಿಗೂ ಕಾಣಲಿಲ್ಲ. ಆ ಇಬ್ಬರು ಹುಡುಗರು ಏನು ಬರೆದಿದ್ದರು, ಅವರಿಗೆ ಎಷ್ಟು ಅಂಕ ಬಂತು ಎಂಬುದು ನನಗೆ ನೆನಪಿಲ್ಲ. ಅದು ನೆನಪಿಲ್ಲದಿರುವುದೂ ಆ ನಕ್ಷೆಯ ಭಾಗವೇ.

ಆ ಊರಿನಲ್ಲೇ ಹುಟ್ಟಿ ಬೆಳೆದವನು ನಾನು. ಭಾಷೆ ಬರುತ್ತಿತ್ತು, ಕಿವಿ ಇತ್ತು, ಮೆಕೆಂಜಿಗೆ ಇಲ್ಲದ್ದೆಲ್ಲ ಇತ್ತು. ವಾಸ ಮಾತ್ರದಿಂದ ಕಣ್ಣು ಬರುವುದಾಗಿದ್ದರೆ ನನ್ನ ಹಾಳೆಯಲ್ಲಿ ಕೇರಿ ಇರಬೇಕಿತ್ತು. ಸರ್ಕಾರದ ಗ್ರಾಮನಕ್ಷೆ ತೆಗೆದು ನೋಡಿದರೆ ಅದರಲ್ಲಿ ಆ ಜಾಗಕ್ಕೊಂದು ಸರ್ವೆ ನಂಬರಾದರೂ ಇದೆ. ಪ್ರೀತಿಯಿಲ್ಲದ ಗೆರೆ ಅದು, ಕಂದಾಯಕ್ಕಾಗಿ ಎಳೆದದ್ದು. ಆದರೆ 1974ರ ನಂತರ 'ಉಳುವವನೇ ಹೊಲದೊಡೆಯ' ಎಂದು ಅರ್ಜಿ ಹಾಕಿದ ಗೇಣಿದಾರನಿಗೂ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಉಳಿಸಲು ಬಂದ 1978ರ ಕಾಯ್ದೆಯಡಿ ಹೊಲ ಮರಳಿ ಕೇಳಿದವನಿಗೂ ಕೊನೆಗೆ ಕೈಹಿಡಿದದ್ದು ಆ ಪ್ರೀತಿಯಿಲ್ಲದ ಗೆರೆ, ಆ ನಂಬರು. ಊರಿನ ನೆನಪನ್ನು ನಂಬಿದ್ದರೆ ಗೌಡರ ನೆನಪೇ ಗೆಲ್ಲುತ್ತಿತ್ತು.

ಇಷ್ಟು ಹೇಳಿದ ಮೇಲೆ ಗೆರೆಯನ್ನು ಹೊಗಳಿದಂತಾಯಿತೇನೋ. ಗೆರೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಐದು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಕಡಿಮೆ. ಹರಪನಹಳ್ಳಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ, ಆದೋನಿ, ಆಲೂರು, ರಾಯದುರ್ಗ ಅತ್ತ ಹೋಗಿ ಉಳಿದ ಏಳು ತಾಲ್ಲೂಕು ಮೈಸೂರಿಗೆ ಸೇರಿದವು, ಅಜ್ಜಿ ಮೈಸೂರಿನವಳಾದಳು. 1973ರಲ್ಲಿ ಅದರ ಹೆಸರು ಕರ್ನಾಟಕವಾಯಿತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದಳು. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ಅಷ್ಟರಲ್ಲಿ ಅವಳು ಮನೆಯ ಹೊಸ್ತಿಲು ಬದಲಿಸಿಲ್ಲ. ಇದನ್ನು ತಮಾಷೆಯಾಗಿ ಹೇಳಬಹುದು, ನಮ್ಮಲ್ಲಿ ಹೇಳುತ್ತಾರೆ ಕೂಡ. ಆದರೆ 371ಜೆ ಬಂದಾಗ ಅದು ತಮಾಷೆಯಾಗಿ ಉಳಿಯಲಿಲ್ಲ. ಬಳ್ಳಾರಿಗೆ ವಿಶೇಷ ಸ್ಥಾನಮಾನ ಸಿಕ್ಕಿತು. ಆಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಸಿಗಲಿಲ್ಲ. ಅದೇ ಕೆಂಪು ಮಣ್ಣು, ಅದೇ ಬರ, ಅದೇ ಮೆಕ್ಕೆಜೋಳ. ಗೆರೆಯ ಈಚೆ ಕೂಡ್ಲಿಗಿಯ ಹುಡುಗಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು. ಆಚೆಯ ಹುಡುಗಿಗೆ ಇಲ್ಲ. ಹರಪನಹಳ್ಳಿಯ ಜನ ವರ್ಷಗಟ್ಟಲೆ ಹೋರಾಡಿ ಬಳ್ಳಾರಿಗೆ ಮರಳಿದ್ದು ಬಳ್ಳಾರಿಯ ಮೇಲಿನ ಮೋಹದಿಂದಷ್ಟೇ ಅಲ್ಲ.

ಇನ್ನೊಂದು ಗೆರೆ 1633 ಅಡಿಯದು. ಸಮುದ್ರಮಟ್ಟದಿಂದ ಅಷ್ಟು ಎತ್ತರಕ್ಕೆ ತುಂಗಭದ್ರಾ ಜಲಾಶಯ ತುಂಬುತ್ತದೆ. ಕೆಲಸ ಶುರುವಾದ 1945ಕ್ಕೂ ಮುಂಚೆ ಈ ನೆಲದಲ್ಲಿ ಅಂಥ ಗೆರೆ ಎಲ್ಲಿಯೂ ಇರಲಿಲ್ಲ, ಯಾರ ಹೊಲದ ಬದುವೂ ಆ ಅಂಕಿಯನ್ನು ಅರಿತಿರಲಿಲ್ಲ. ಮಟ್ಟ ನೋಡುವ ಯಂತ್ರ ಹಿಡಿದವರು ಕಾಗದದ ಮೇಲೆ ಅದನ್ನು ಎಳೆದರು. ಕೆಲವೇ ವರ್ಷದಲ್ಲಿ ನೀರು ಬಂದು ಅದೇ ಗೆರೆಯ ಮೇಲೆ ನಿಂತಿತು. ಅದರ ಕೆಳಗಿದ್ದ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಹೋಗಿ ಮರಿಯಮ್ಮನಹಳ್ಳಿ ಬೆಳೆಯಿತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಬರುವಾಗ ಬಲಕ್ಕೆ ಕಾಣುವ ಹಿನ್ನೀರನ್ನು ಮಕ್ಕಳು ಸಮುದ್ರ ಎನ್ನುತ್ತಾರೆ. ನಕ್ಷೆಯಲ್ಲಿ ಅದು ಬರೀ ನೀಲಿ. ಆ ನೀಲಿಯ ಕೆಳಗಿನ ಓಣಿಗಳ ಹೆಸರು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ, ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಗೆರೆ ಎಳೆಯುವುದು ತಪ್ಪೆಂದು ನಾನು ಹೇಳಲಾರೆ. ಆ ನೀರಿನಿಂದ ಬೆಳೆದ ಅನ್ನವನ್ನು ನಾನೂ ಉಂಡಿದ್ದೇನೆ. ಗೆರೆ ಎಳೆಯುವ ಮುಂಚೆ ಅದನ್ನು ಯಾರ ಮುಂದೆ ಹಾಸಿ ತೋರಿಸಲಾಯಿತು ಎಂಬುದಷ್ಟೇ ನನ್ನ ಕೇಳಿಕೆ.

ತಾಂಡಾಕ್ಕೆ ಮರಳಿ ಬರುತ್ತೇನೆ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಲಂಬಾಣಿ ತಾಂಡಾಗಳು ಬಹಳ. ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದಕ್ಷಿಣವನ್ನೆಲ್ಲ ಸುತ್ತಿದ ಜನ ಅವರು. ಮೈಸೂರಿನ ಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯದ ಹೊಟ್ಟೆ ತುಂಬಿಸಿದ್ದು ಇದೇ ಬಂಜಾರರ ಎತ್ತುಗಳು. ಯಾವ ಕಣಿವೆಯಲ್ಲಿ ಮೇವಿದೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲಿಯೂ ನೀರಿದೆ ಎಂಬುದು ಅವರ ತಲೆಯಲ್ಲಿತ್ತು. ಸೈನ್ಯಕ್ಕೆ ಅವರ ದಾರಿ ಬೇಕಾಯಿತು. ಆಮೇಲೆ ರಸ್ತೆ ಬಂತು, ರೈಲು ಬಂತು, ಎತ್ತಿಗೆ ಕೆಲಸ ತಪ್ಪಿತು. 1871ರಿಂದ ಮುಂದೆ ಬ್ರಿಟಿಷ್ ಸರ್ಕಾರ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯ್ದೆ ಮಾಡಿತು. ಹಲವೆಡೆ ಲಂಬಾಣಿಗರೂ ಆ ಪಟ್ಟಿಗೆ ಬಿದ್ದರು. ಪೊಲೀಸರ ವಹಿಯಲ್ಲಿ ಜಾಗ ಸಿಕ್ಕಿತು, ಗ್ರಾಮನಕ್ಷೆಯಲ್ಲಿ ಸಿಗಲಿಲ್ಲ. ಯಾರದೋ ಸರ್ವೆ ನಂಬರಿನಲ್ಲಿ, ಗೋಮಾಳದಲ್ಲಿ, ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡು ತಲೆಮಾರು ಕಳೆದವರಿಗೆ ಮನೆಗೊಂದು ಕಾಗದವಿರಲಿಲ್ಲ. ಕೂಡ್ಲಿಗಿ ಕಡೆಯ ಗೊಲ್ಲರಹಟ್ಟಿಗಳದೂ ಸುಮಾರು ಇದೇ ಪಾಡು.

2017ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಮಾಡಿ ಹಕ್ಕುಪತ್ರ ಕೊಡಲು ದಾರಿ ಮಾಡಿದರು. 'ವಾಸಿಸುವವನೇ ಮನೆಯೊಡೆಯ' ಎಂದು ಅದಕ್ಕೆ ಹೆಸರು. ಈಗ ಹಳ್ಳಿಯ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುವ ಯೋಜನೆಯೂ ಇದೆ. ನನ್ನ ವಿದ್ಯಾರ್ಥಿನಿಯ ಅಜ್ಜ ಅದರ ಸದ್ದು ಕೇಳಿ ಅಂಗಳಕ್ಕೆ ಬಂದು ನೋಡಿದನಂತೆ. "ನಮ್ಮನ್ನ ಹಿಡಿಯಾಕ ಬಂದಾರೋ, ನಮಗ ಕೊಡಾಕ ಬಂದಾರೋ?" ಎಂದು ಕೇಳಿದನಂತೆ. ಅವನ ಕುಲದ ಇತಿಹಾಸ ಬಲ್ಲವರಿಗೆ ಆ ಪ್ರಶ್ನೆಯಲ್ಲಿ ಮುಗ್ಧತೆಯೇನೂ ಕಾಣಿಸದು. ನಕ್ಷೆಗೆ ಸೇರಲು ಆಸೆಪಡುವವರಿಗೂ ಅದರ ಭಯ ಇದ್ದೇ ಇದೆ. ಯಾರಾದರೂ ಅವನಿಗೆ ಆ ಚಿತ್ರವನ್ನು ತೋರಿಸಿ ಇದು ನಿನ್ನ ಅಂಗಳವೇ ಎಂದು ಕೇಳಿದರೆ ಅರ್ಧ ಭಯ ಹೋದೀತು.

ಮುಂದಿನ ಸಲ ಅವಳು ಬಂದಾಗ ನಾನು ಅರ್ಜಿ ಹಾಕು ಎಂದೇ ಹೇಳಿದೆ. ಲಕ್ಷ್ಮಯ್ಯನಿಗೆ ತೆರೆಯದ ಬಾಗಿಲು ಇವತ್ತು ಅರ್ಧ ತೆರೆದಿರುವಾಗ ಹೊರಗೆ ನಿಂತು ಬಾಗಿಲಿನ ತಪ್ಪು ಎಣಿಸುವುದು ನನಗೆ ಸರಿ ಕಾಣಲಿಲ್ಲ. ತಾಂಡಾ ಇಲ್ಲದ ನಕ್ಷೆಯನ್ನು ಕಣ್ಣಾರೆ ನೋಡಿ ಇಲ್ಲಿ ಏನಿಲ್ಲ ಎಂದು ಬೆರಳಿಟ್ಟು ಹೇಳಲು ತಾಂಡಾದವಳೇ ಬೇಕು. ಅಲ್ಲಿ ಖಾಲಿ ಜಾಗ ಕಾಣುವ ಬೇರೆಯವರಿಗೆ ಅದು ಖಾಲಿ ಜಾಗವಷ್ಟೇ. ನನ್ನ ಏಳನೆಯ ತರಗತಿಯ ಹಸಿರು ಹುಲ್ಲಿನ ಹಾಗೆ. ಹೋಗುವ ಮುಂಚೆ ಒಂದು ಬೇಸಿಗೆ ಇಲ್ಲಿ ತಂಗು ಎಂದೂ ಹೇಳಿದೆ. "ಇಲ್ಲೇ ಅದೀನಲ್ರಿ" ಎಂದಳು. "ಅದಲ್ಲ, ಸಂಶೋಧಕಿಯಾಗಿ ತಂಗು" ಎಂದೆ.

ಈಗ ಅವಳು ಗ್ರಾಮನಕ್ಷೆಯ ದೊಡ್ಡದೊಂದು ಪ್ರತಿ ಮಾಡಿಸಿಕೊಂಡು, ಭಾನುವಾರ ತಾಂಡಾದ ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಹಾಸುತ್ತಾಳೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಹೆಂಗಸರು ಬಂದು ಸುತ್ತ ಕೂರುತ್ತಾರೆ. ನಂಬರುಗಳ ನಡುವೆ ಪೆನ್ಸಿಲಿನಿಂದ ಹೆಸರುಗಳು ತುಂಬುತ್ತಿವೆ: ಕಟ್ಟಿಗೆಗೆ ಹೋಗುವ ದಾರಿ, ಹೆರಿಗೆ ನೋವಿನಲ್ಲಿ ಒಬ್ಬಳನ್ನು ಹೊತ್ತು ನಡೆದ ದಾರಿ, ಮೊದಲ ಗುಡಿಸಲು ಹಾಕಿದ ಜಾಗ. ಕಳೆದ ವಾರ ನಾನೂ ಹೋಗಿದ್ದೆ. ವಯಸ್ಸಾದ ಒಬ್ಬಾಕೆ ತಾವು ಬರುವ ಮುಂಚೆ ಇದ್ದ ಜಾಗ ಯಾವುದೆಂದು ತೋರಿಸಲು ಹೋಗಿ, ಬೆರಳನ್ನು ಹಾಳೆಯ ಅಂಚಿನವರೆಗೆ ತಂದು, ಅಲ್ಲಿ ನಿಲ್ಲಿಸದೆ ಕಲ್ಲುಕಟ್ಟೆಯ ಮೇಲೆ ಒಂದು ಮೊಳ ದೂರ ಎಳೆದುಕೊಂಡು ಹೋದಳು. ಇನ್ನೊಂದು ಹಾಳೆ ಅಂಟಿಸಬೇಕು ಎಂದು ಇವಳು ಬರೆದುಕೊಂಡಳು. ಅರ್ಜಿಗೆ ಇನ್ನೂ ಮೂರು ವಾರ ಸಮಯವಿದೆ.